ಮೂತ್ರಪಿಂಡದ ಗಂಟೆಲ್ಲ ಕ್ಯಾನ್ಸರ್ ಅಲ್ಲ



ಹೊಟ್ಟೆನೋವೆಂದು ಅಲ್ಟ್ರಾಸೌಂಡ್ ಪರೀಕ್ಷೆ ಮಾಡಿಸಿದವರಿಗೆ, ಮೂತ್ರಪಿಂಡದಲ್ಲಿ ಗಂಟಿದೆ ಎಂದು ವೈದ್ಯರು ಹೇಳುವುದುಂಟು. ಕೇಳಿದೊಡನೆ ಮನೆಮಂದಿಯೆಲ್ಲ ಕ್ಯಾನ್ಸರೇ ಎಂದು ಎದೆಗುಂದುತ್ತಾರೆ. ಹಾಗೆ ಹೆದರಬೇಕಾಗಿಲ್ಲ, ಅಲಕ್ಷ್ಯ ಮಾಡಲೂ ಕೂಡದು. ಪೈರು ಯಾವುದು, ಕಳೆ ಯಾವುದು ಎಂದು ನೋಡಿದ ಮೇಲೆ ತಾನೇ ನಾವು ಕಳೆ ಕೀಳುವುದು? ಗಂಟಿನ ವಿಷಯದಲ್ಲಿ ಹಾಗೆ ನೋಡಲು ನೆರವಾಗುವ ಒಂದು ಸಾಧನ ಎಂ.ಆರ್.ಐ. ಪರೀಕ್ಷೆ.

ಈ ಯಂತ್ರವು ಬಲವಾದ ಅಯಸ್ಕಾಂತ ಮತ್ತು ರೇಡಿಯೋ ಅಲೆಗಳಿಂದ ದೇಹದ ಒಳಗಿನ ಚಿತ್ರ ತೆಗೆಯುತ್ತದೆ. ಇದರಲ್ಲಿ ಎಕ್ಸ್-ರೇ ಕಿರಣಗಳಿಲ್ಲ. ಇದನ್ನು ರೂಪಿಸಿದ ಪಾಲ್ ಲಾಟರ್ಬರ್, ಪೀಟರ್ ಮ್ಯಾನ್ಸ್‌ಫೀಲ್ಡ್ ಎಂಬ ವಿಜ್ಞಾನಿಗಳಿಗೆ 2003ರಲ್ಲಿ ನೊಬೆಲ್ ಬಹುಮಾನ ದೊರೆಯಿತು.

ವೈದ್ಯರು ಚಿತ್ರದಲ್ಲಿ ಮುಖ್ಯವಾಗಿ ಮೂರನ್ನು ನೋಡುತ್ತಾರೆ.

1. ನೀರು: ತೆಳುಗೋಡೆಯ, ತಿಳಿನೀರು ತುಂಬಿದ ಗುಳ್ಳೆ ವಯಸ್ಸಾದವರಲ್ಲಿ ಸಾಮಾನ್ಯ, ಅದು ಕ್ಯಾನ್ಸರ್ ಅಲ್ಲ. ಗೋಡೆ ದಪ್ಪವಾಗಿದ್ದರೆ, ಒಳಗೆ ಗಟ್ಟಿ ಭಾಗವಿದ್ದರೆ ಸಂಶಯ ಪಡಬೇಕು.

2. ಕೊಬ್ಬು: ಗಂಟಿನಲ್ಲಿ ಕೊಬ್ಬು ಸ್ಪಷ್ಟವಾಗಿ ಕಂಡರೆ ಅದು ಬಹುಮಟ್ಟಿಗೆ ಆಂಜಿಯೋಮಯೋಲೈಪೋಮ ಎಂಬ, ಕ್ಯಾನ್ಸರ್ ಅಲ್ಲದ ಗಡ್ಡೆ. ದೊಡ್ಡದಾದರೆ ಒಡೆದು ರಕ್ತ ಸೋರಬಹುದಾದ್ದರಿಂದ ಗಮನವಿಟ್ಟಿರುತ್ತಾರೆ.

3. ರಕ್ತದ ಹರಿವು: ಗ್ಯಾಡೊಲಿನಿಯಂ ಎಂಬ ಔಷಧವನ್ನು ರಕ್ತನಾಳಕ್ಕೆ ಕೊಟ್ಟು ಮತ್ತೆ ಚಿತ್ರ ತೆಗೆಯುತ್ತಾರೆ. ಮೂತ್ರಪಿಂಡದ ಕ್ಯಾನ್ಸರುಗಳಲ್ಲಿ ಹೆಚ್ಚಾಗಿ ಕಾಣುವ ಬಗೆಯು ಔಷಧವನ್ನು ಬೇಗ ಹೀರಿ ಬೆಳ್ಳಗೆ ಹೊಳೆಯುತ್ತದೆ. ಇನ್ನೊಂದು ಬಗೆ ನಿಧಾನವಾಗಿ, ಸ್ವಲ್ಪವೇ ಹೀರುತ್ತದೆ.

ಆದರೆ ಯಂತ್ರಕ್ಕೂ ಮಿತಿಯುಂಟು. ಆಂಕೋಸೈಟೋಮ ಎಂಬ ಗಡ್ಡೆ ಕೇಡು ಮಾಡದಿದ್ದರೂ ಚಿತ್ರದಲ್ಲಿ ಕ್ಯಾನ್ಸರಿನಂತೆಯೇ ಕಾಣಬಹುದು. ನಾಲ್ಕು ಸೆಂಟಿಮೀಟರಿಗಿಂತ ಚಿಕ್ಕದೆಂದು ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗಟ್ಟಿ ಗಂಟುಗಳಲ್ಲಿ ಸುಮಾರು ಐದರಲ್ಲೊಂದು ಕ್ಯಾನ್ಸರ್ ಆಗಿರುವುದಿಲ್ಲ. ಆದುದರಿಂದ ಸಂಶಯವಿದ್ದಲ್ಲಿ ಸೂಜಿಯಿಂದ ಚೂರು ತೆಗೆದು ಪರೀಕ್ಷಿಸುವುದೋ, ಕೆಲವು ತಿಂಗಳ ಬಳಿಕ ಮತ್ತೆ ಚಿತ್ರ ತೆಗೆಯುವುದೋ ಯೋಗ್ಯವೇ ಎಂದು ವೈದ್ಯರನ್ನು ಕೇಳಿರಿ. ಹಾಗೆ ಕೇಳಲು ಸಂಕೋಚ ಬೇಡ.

ಪರೀಕ್ಷೆಗೆ ಮುನ್ನ ಉಡಿದಾರ, ಕಾಲುಂಗುರ, ಗಡಿಯಾರ ಮೊದಲಾದ ಲೋಹದ ವಸ್ತುಗಳನ್ನು ತೆಗೆದಿಡಿರಿ. ಎದೆಯಲ್ಲಿ ಪೇಸ್‌ಮೇಕರ್, ದೇಹದಲ್ಲಿ ಲೋಹದ ಚೂರು ಇದ್ದರೆ, ಮೂತ್ರಪಿಂಡ ದುರ್ಬಲವಾಗಿದ್ದರೆ ಮೊದಲೇ ತಿಳಿಸಿರಿ. ಯಂತ್ರ ಗಟ್ಟಿಯಾಗಿ ಸದ್ದು ಮಾಡುತ್ತದೆ. ಅಲುಗದೆ ಮಲಗಿ, ಹೇಳಿದಾಗ ಉಸಿರು ಬಿಗಿಹಿಡಿದರೆ ಚಿತ್ರ ಸ್ಪಷ್ಟವಾಗಿ ಬರುತ್ತದೆ.

ಕೊನೆಯದಾಗಿ ಒಂದು ಮಾತು. ಮೂತ್ರದಲ್ಲಿ ರಕ್ತ ಕಂಡರೆ, ನೋವಿಲ್ಲವೆಂದು ಸುಮ್ಮನಿರಬೇಡಿರಿ. ಸುಗ್ಗಿ ಮುಗಿಯಲೆಂದು ಕಾಯಲೂ ಬೇಡಿರಿ. ಕೂಡಲೇ ವೈದ್ಯರಿಗೆ ತೋರಿಸಿರಿ.