ಸ್ಟಾಫ್ ರೂಂನ ಚಾ ಹೊತ್ತಿನ ಮಾತು ಬರೀ ಹರಟೆಯಲ್ಲ

ಲೆಕ್ಚರರ್ ಕ್ಲಾಸಲ್ಲಿ ಹೇಗೆ ಪಾಠ ಮಾಡುತ್ತಾರೆ ಎಂಬುದು ವಿದ್ಯಾರ್ಥಿಗಳಿಗೆ ಗೊತ್ತು. ಆದರೆ ಕ್ಲಾಸ್ ಮುಗಿಸಿ ಸ್ಟಾಫ್ ರೂಂಗೆ ಹೋದ ಮೇಲೆ ಅದೇ ಪಾಠದ ಬಗ್ಗೆ ಅವರು ಯಾರ ಹತ್ತಿರ, ಏನು ಮಾತಾಡುತ್ತಾರೆ? ಮಕ್ಕಳ ಕಲಿಕೆ ಈ ಮಾತಿನ ಮೇಲೂ ನಿಂತಿದೆ.

ಸ್ವೀಡನ್‌ನ ಲುಂಡ್ ವಿಶ್ವವಿದ್ಯಾಲಯದ ಟೋರ್ಗ್ನಿ ರೊಕ್ಸೊ ಮತ್ತು ಕತರೀನಾ ಮೋರ್ಟೆನ್ಸನ್ ಈ ಬಗ್ಗೆ ನಡೆಸಿದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. 'ಬೋಧನೆಯ ಬಗ್ಗೆ ನೀವು ಮನಸ್ಸು ಬಿಚ್ಚಿ ಮಾತಾಡುವುದು ಯಾರ ಹತ್ತಿರ?' ಎಂಬುದು ಅವರು ಅಧ್ಯಾಪಕರ ಮುಂದಿಟ್ಟ ಪ್ರಶ್ನೆಯ ಸಾರ. ಹೆಚ್ಚಿನವರ ಪಟ್ಟಿ ಚಿಕ್ಕದಿತ್ತು. ಅದರಲ್ಲಿ ಸ್ವಂತ ವಿಭಾಗದವರೂ ಇದ್ದರು, ಹೊರಗಿನವರೂ ಇದ್ದರು. ಈ ಮಾತುಕತೆಗಳು ಖಾಸಗಿಯಾಗಿ, ಪರಸ್ಪರ ನಂಬಿಕೆಯ ಮೇಲೆ ನಡೆಯುತ್ತವೆ ಎಂದು ಅವರು ಕಂಡುಕೊಂಡರು. ಇಂಥ ಮಾತಿಗೆ ಬೆಂಬಲವಿರುವ ವಿಭಾಗಗಳಲ್ಲಿ ಮಾತುಕತೆಯೂ ಹೆಚ್ಚು.

ಸಮಾಜಶಾಸ್ತ್ರಜ್ಞ ಎರ್ವಿಂಗ್ ಗಾಫ್ಮನ್ ಮನುಷ್ಯರ ನಡವಳಿಕೆಯನ್ನು ರಂಗದ ಮುಂಭಾಗ, ಹಿಂಭಾಗ ಎಂದು ವಿಂಗಡಿಸಿದ್ದರು. ಲುಂಡ್‌ನ ಸಂಶೋಧಕರು ಅದನ್ನೇ ಇಲ್ಲಿ ಬಳಸಿಕೊಂಡರು. ನಮ್ಮ ಕಡೆಯ ಯಕ್ಷಗಾನದ ಲೆಕ್ಕದಲ್ಲಿ ಹೇಳುವುದಾದರೆ, ಕ್ಲಾಸ್ ರೂಂ ರಂಗಸ್ಥಳ, ಸ್ಟಾಫ್ ರೂಂ ಚೌಕಿ. 'ಇವತ್ತು ನನ್ನ ಪಾಠ ಯಾರಿಗೂ ಅರ್ಥ ಆಗಲಿಲ್ಲ' ಎಂದು ರಂಗಸ್ಥಳದಲ್ಲಿ ಹೇಳುವುದು ಕಷ್ಟ. ಚೌಕಿಯಲ್ಲಿ ಹೇಳಬಹುದು.

ಹಾಗೆ ಹೇಳಿದರೆ ಏನು ಪ್ರಯೋಜನ? ಅರ್ಥಶಾಸ್ತ್ರದ ಒಂದು ಉದಾಹರಣೆ ನೋಡಿ. ಬೂತಾಯಿ ಮೀನಿನ ರೇಟ್ ಇಳಿಯಿತು, ಜನ ಹೆಚ್ಚು ಕೊಂಡರು. 'ಬೇಡಿಕೆ ಹೆಚ್ಚಾಯಿತಾ?' ಎಂದು ಕೇಳಿದರೆ ತುಂಬಾ ಮಕ್ಕಳು 'ಹೌದು' ಅನ್ನುತ್ತಾರೆ. ಅರ್ಥಶಾಸ್ತ್ರದಲ್ಲಿ ಅದು ತಪ್ಪು: ಹೆಚ್ಚಿದ್ದು ಕೊಳ್ಳುವ ಪ್ರಮಾಣ ಮಾತ್ರ, ಬೇಡಿಕೆಯ ರೇಖೆ ಇದ್ದಲ್ಲೇ ಇದೆ. ರಮಝಾನ್‌ನಲ್ಲಿ ರೇಟ್ ಇಳಿಯದಿದ್ದರೂ ಜನ ಖರ್ಜೂರ ಹೆಚ್ಚು ಕೊಳ್ಳುತ್ತಾರಲ್ಲ, ಬೇಡಿಕೆ ಹೆಚ್ಚುವುದು ಅಂದರೆ ಅದು. ಒಬ್ಬ ಅಧ್ಯಾಪಕ 'ಮಕ್ಕಳಿಗೆ ಓದುವ ಮನಸ್ಸಿಲ್ಲ' ಎಂದು ಕೈಚೆಲ್ಲಿದರೆ ಕಥೆ ಅಲ್ಲಿಗೆ ಮುಗಿಯಿತು. ಪಕ್ಕದ ಕುರ್ಚಿಯ ಭಾಷಾ ಅಧ್ಯಾಪಕರು 'ಬೇಡಿಕೆ ಅನ್ನುವ ಪದಕ್ಕೆ ಪೇಟೆಯಲ್ಲಿ ಒಂದರ್ಥ, ನಿಮ್ಮ ಪುಸ್ತಕದಲ್ಲಿ ಇನ್ನೊಂದರ್ಥ ಅಲ್ವಾ?' ಎಂದರೆ, ಮರುದಿನದ ಪಾಠ ಮೀನು ಮತ್ತು ಖರ್ಜೂರ ಎರಡನ್ನೂ ಜೊತೆಗಿಟ್ಟು ಶುರುವಾಗಬಹುದು.

ಇಂಥ ಮಾತಿಗೆ ಅವಕಾಶ ಮಾತ್ರ ಕಡಿಮೆ. ಸಂಶೋಧನೆ ಮಾಡುವವರು ಸೆಮಿನಾರ್‌ನಲ್ಲಿ, ಜರ್ನಲ್‌ನಲ್ಲಿ ಒಬ್ಬರಿಗೊಬ್ಬರು ಸಿಗುತ್ತಾರೆ, ಪಾಠ ಮಾಡುವವರು ಮಾತ್ರ ಬಾಗಿಲು ಹಾಕಿಕೊಂಡು ಒಂಟಿಯಾಗುತ್ತಾರೆ ಎಂಬರ್ಥದಲ್ಲಿ ಅಮೆರಿಕದ ಶಿಕ್ಷಣತಜ್ಞ ಲೀ ಶುಲ್ಮನ್ 1993ರಲ್ಲೇ ಬರೆದಿದ್ದರು. ಬೋಧನೆ ಇಡೀ ಅಧ್ಯಾಪಕ ಸಮುದಾಯದ ಸೊತ್ತಾಗಬೇಕು ಎಂಬುದು ಅವರ ವಾದ.

ಚೌಕಿಯ ಮಾತಿಗೆ ಇನ್ನೊಂದು ಮುಖವೂ ಇದೆ. ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ, ಡಿಗ್ರಿಯಲ್ಲಿ ಇಂಗ್ಲಿಷ್ ಎಂದು ಮೂರು ಭಾಷೆ ದಾಟಿ ಬಂದ ಹುಡುಗಿ ಕ್ಲಾಸಲ್ಲಿ ಬಾಯಿ ಬಿಡದೆ ಕೂತರೆ, 'ಅವಳು ವೀಕ್' ಎಂಬ ಒಂದೇ ಮಾತು ಸ್ಟಾಫ್ ರೂಂನಲ್ಲಿ ಟೇಬಲ್‌ನಿಂದ ಟೇಬಲ್‌ಗೆ ಹೋಗಬಹುದು. ಅದೇ ಜಾಗದಲ್ಲಿ ಇನ್ನೊಬ್ಬರು 'ನನ್ನ ಕ್ಲಾಸಲ್ಲಿ ಕನ್ನಡದಲ್ಲಿ ಕೇಳಿದರೆ ಚೆನ್ನಾಗಿ ಹೇಳ್ತಾಳೆ' ಅಂದರೆ ಅವಳ ದಾರಿಯೇ ಬದಲಾದೀತು. 'ಯಾರು ದಡ್ಡರು' ಎನ್ನುವ ಮಾತಿನಿಂದ ಯಾರೂ ಕಲಿಯುವುದಿಲ್ಲ. 'ಎಲ್ಲಿ ತೊಡಕು, ಯಾಕೆ' ಎನ್ನುವ ಮಾತಿನಿಂದ ಮೇಷ್ಟ್ರೂ ಕಲಿಯುತ್ತಾರೆ, ಮಕ್ಕಳೂ ಕಲಿಯುತ್ತಾರೆ.

ಕಾಲೇಜುಗಳು ಇದಕ್ಕಾಗಿ ದುಡ್ಡು ಸುರಿಯಬೇಕಾಗಿಲ್ಲ. ಎಲ್ಲರಿಗೂ ಒಟ್ಟಿಗೆ ಸಿಗುವ ಒಂದು ಬಿಡುವು, ಹೇಳಿದ ತೊಂದರೆ ವರದಿಯಾಗಿ ಮೇಲೆ ಹೋಗದು ಎಂಬ ಧೈರ್ಯ, ಇಷ್ಟಿದ್ದರೆ ಶುರು ಮಾಡಬಹುದು. ವಿದ್ಯಾರ್ಥಿಗಳ ಪಾಲೂ ಇದೆ. 'ಸರ್, ಏನೂ ಅರ್ಥ ಆಗಲಿಲ್ಲ' ಅನ್ನುವ ಬದಲು 'ಸರ್, ಈ ಎರಡನೇ ಸ್ಟೆಪ್ಪಿನಲ್ಲಿ ಸಿಕ್ಕಿಬಿದ್ದೆ' ಎಂದು ಹೇಳಿ ನೋಡಿ. ಆ ದಿನ ಸ್ಟಾಫ್ ರೂಂನಲ್ಲಿ ಅವರಿಗೆ ಮಾತಾಡಲು ಗಟ್ಟಿಯಾದ ವಿಷಯವೊಂದು ಸಿಗುತ್ತದೆ.