ಯಂತ್ರದ ಸಂದಿಯಲ್ಲಿ ಅಡಗಿದ ಲಿಸ್ಟೀರಿಯ

2008ರಲ್ಲಿ ಕೆನಡಾದಲ್ಲಿ 57 ಮಂದಿಗೆ ಲಿಸ್ಟೀರಿಯ ಎಂಬ ಬ್ಯಾಕ್ಟೀರಿಯದ ಸೋಂಕು ತಗಲಿತು. ಅವರಲ್ಲಿ 22 ಮಂದಿ ಸತ್ತರು. ಮೂಲ ಹುಡುಕಿದಾಗ ಸಿಕ್ಕಿದ್ದು ಟೊರಾಂಟೊದ ಮೇಪಲ್ ಲೀಫ್ ಫುಡ್ಸ್ ಕಾರ್ಖಾನೆ. ಮಾಂಸ ಹೆಚ್ಚುವ ಯಂತ್ರಗಳನ್ನು ಅಲ್ಲಿ ತೊಳೆಯುತ್ತಲೇ ಇದ್ದರು. ಪೂರ್ತಿ ಬಿಚ್ಚಿ ನೋಡಿದಾಗ ಮಾತ್ರ, ಮಾಮೂಲಿ ತೊಳೆತಕ್ಕೆ ಎಟುಕದ ಒಳಭಾಗದಲ್ಲಿ ಮಾಂಸದ ಚೂರುಗಳು ಸಿಕ್ಕಿಕೊಂಡಿದ್ದು ಕಂಡಿತು.

ಲಿಸ್ಟೀರಿಯ ಫ್ರಿಜ್ಜಿನ ಚಳಿಯಲ್ಲೂ ಬೆಳೆಯುತ್ತದೆ. ಉಕ್ಕಿನ ಗೀರು, ರಬ್ಬರಿನ ಬಿರುಕುಗಳಲ್ಲಿ ಲೋಳೆಪದರ ಕಟ್ಟಿಕೊಂಡು ಕೂತುಬಿಟ್ಟರೆ ಕ್ರಿಮಿನಾಶಕ ಮೇಲ್ಪದರಕ್ಕಷ್ಟೇ ತಾಗುತ್ತದೆ. ಸ್ಪಂಜಿನಿಂದ ಒರೆಸಿ ಪ್ರಯೋಗಾಲಯದಲ್ಲಿ ಬೆಳೆಸಿ ನೋಡಲು ಹಲವು ದಿನ ಬೇಕು.

ಹಾಗಾಗಿ ಕಾರ್ಖಾನೆಗಳಿಗೆ ಎಟಿಪಿ ಮೀಟರ್ ಅಚ್ಚುಮೆಚ್ಚು. ಮಿಂಚುಹುಳದ ಬೆಳಕಿಗೆ ಎಟಿಪಿ ಎಂಬ ಅಣು ಬೇಕೆಂದು 1947ರಲ್ಲಿ ತೋರಿಸಿದವರು ಅಮೆರಿಕದ ವಿಲಿಯಂ ಮ್ಯಾಕೆಲ್ರಾಯ್. ಸಂಶೋಧನೆಗೆ ಬೇಕಾದ ಹುಳಗಳನ್ನು ಬಾಲ್ಟಿಮೋರ್‌ನ ಮಕ್ಕಳಿಗೆ ಕಾಸು ಕೊಟ್ಟು ಹಿಡಿಸುತ್ತಿದ್ದರಂತೆ! ಹುಳದಲ್ಲಿ ಬೆಳಕು ಹುಟ್ಟಿಸುವ ಕಿಣ್ವವನ್ನು ಒರೆಸಿದ ಕಡ್ಡಿಗೆ ಸೇರಿಸಿದರೆ ಕೊಳೆಯಿದ್ದಷ್ಟೂ ಬೆಳಕು. ಕೆಲವೇ ಸೆಕೆಂಡುಗಳಲ್ಲಿ ಅಂಕಿ ಮೂಡುತ್ತದೆ. ಆದರೆ ಮಾಂಸದ ರಸದಲ್ಲೂ ಎಟಿಪಿ ಇರುತ್ತದೆ, ಬ್ಯಾಕ್ಟೀರಿಯದಲ್ಲೂ ಇರುತ್ತದೆ. ಮೀಟರ್ ಹೇಳುವುದು ತೊಳೆದದ್ದು ಸಾಕೋ ಇಲ್ಲವೋ ಎಂಬುದನ್ನು ಮಾತ್ರ. ಹತ್ತಾರು ಲಿಸ್ಟೀರಿಯ ಕೋಶಗಳು ಅದರ ಕಣ್ಣಿಗೆ ಬೀಳುವುದೇ ಇಲ್ಲ. ಪಿಸಿಆರ್ ಎಂಬ ಡಿಎನ್‌ಎ ಪರೀಕ್ಷೆ ನಿರ್ದಿಷ್ಟ ಜೀವಿಯನ್ನೇ ಗುರುತಿಸುತ್ತದೆ, ನಿಜ. ಆದರೆ ಅದಕ್ಕೂ ಮೊದಲು ಮಾದರಿಯನ್ನು ಸುಮಾರು ಒಂದು ದಿನ ಬೆಳೆಸಬೇಕು.

ನನ್ನ ಪ್ರಕಾರ ಯಾವ ಉಪಕರಣ ಎನ್ನುವುದಕ್ಕಿಂತ ಎಲ್ಲಿ, ಯಾವಾಗ ಒರೆಸುತ್ತೀರಿ ಎನ್ನುವುದೇ ಮುಖ್ಯ. ಬೆಳಗ್ಗೆ ತೊಳೆದ ಕೂಡಲೇ ಫಳಫಳ ಹೊಳೆಯುವ ಮೇಜನ್ನು ಒರೆಸಿದರೆ ಏನೂ ಸಿಗದು. ಯಂತ್ರ ಕೆಲವು ಗಂಟೆ ಓಡಿ, ಅದುರಿ, ಸಂದಿಯಲ್ಲಿದ್ದದ್ದು ಹೊರಗೆ ಬಂದಮೇಲೆ ಒರೆಸಬೇಕು. ಲೋಳೆಪದರ ಕೀಳುವಂತೆ ಒತ್ತಿ ಉಜ್ಜಬೇಕು. ಸ್ಪಂಜಿನಲ್ಲಿ ಕ್ರಿಮಿನಾಶಕದ ಪಸೆಯನ್ನು ನಿಷ್ಕ್ರಿಯಗೊಳಿಸುವ ದ್ರಾವಣವೂ ಇರಬೇಕು. ಇಲ್ಲವಾದರೆ ಬ್ಯಾಕ್ಟೀರಿಯ ಪ್ರಯೋಗಾಲಯ ತಲುಪುವ ಮೊದಲೇ ಸತ್ತು, ವರದಿ ಸುಳ್ಳೇ ನೆಗೆಟಿವ್ ಬರುತ್ತದೆ.

ಟೊರಾಂಟೊದಲ್ಲಿ ಲಿಸ್ಟೀರಿಯ ಮೊದಲೇ ಸುಳಿವು ಕೊಟ್ಟಿತ್ತು. 2007ರಲ್ಲೂ 2008ರ ಆರಂಭದಲ್ಲೂ ಕೆಲವು ಮಾದರಿಗಳು ಪಾಸಿಟಿವ್ ಬಂದಿದ್ದವು. ಪ್ರತಿಸಲ ತೊಳೆದರು, ಮತ್ತೆ ನೆಗೆಟಿವ್ ಬಂತು, ಅಲ್ಲಿಗೆ ಮುಗಿಯಿತು ಎಂದುಕೊಂಡರು. ಆ ಫಲಿತಾಂಶಗಳನ್ನು ಒಟ್ಟಿಗಿಟ್ಟು ಯಾರೂ ನೋಡಲಿಲ್ಲ, ಸರ್ಕಾರಿ ಇನ್‌ಸ್ಪೆಕ್ಟರಿಗೆ ತಿಳಿಸಬೇಕೆಂಬ ನಿಯಮವೂ ಆಗ ಇರಲಿಲ್ಲ. 2009ರ ಏಪ್ರಿಲ್‌ನಿಂದ ಕೆನಡಾ ಅಂಥ ಮಾಂಸ ಕಾರ್ಖಾನೆಗಳಿಗೆ ಎರಡನ್ನೂ ಕಡ್ಡಾಯ ಮಾಡಿತು: ಆಹಾರ ತಾಗುವ ಮೇಲ್ಮೈಗಳ ಪರೀಕ್ಷೆ, ಪಾಸಿಟಿವ್ ಬಂದರೆ ತಕ್ಷಣ ವರದಿ.