ಪ್ರೋಟಾನ್‌ನ ತೂಕ ಎಲ್ಲಿಂದ ಬಂತು?

ಪ್ರೋಟಾನ್‌ನ ದ್ರವ್ಯರಾಶಿ 938.27 ಎಂಇವಿ, ಅಂದರೆ ಅಷ್ಟು ಮಿಲಿಯನ್ ಎಲೆಕ್ಟ್ರಾನ್‌ವೋಲ್ಟ್. ಕಣವಿಜ್ಞಾನದಲ್ಲಿ ತೂಗುವ ಅಳತೆ ಇದೇ. ಗ್ರಾಮಿನಲ್ಲಿ ಹೇಳಹೊರಟರೆ ಬಿಂದುವಿನ ಮುಂದಿನ ಸೊನ್ನೆಗಳನ್ನು ಎಣಿಸುವುದರಲ್ಲೇ ಹೊತ್ತು ಹೋಗುತ್ತದೆ. ಪ್ರೋಟಾನ್‌ನಲ್ಲಿ ಎರಡು ಅಪ್ ಕ್ವಾರ್ಕ್, ಒಂದು ಡೌನ್ ಕ್ವಾರ್ಕ್ ಇವೆ ಎಂಬುದು ಪಿಯುಸಿ ಓದಿದವರಿಗೂ ಗೊತ್ತಿರುವ ಸಂಗತಿ. ಅಪ್ ಕ್ವಾರ್ಕ್‌ನ ಸ್ವಂತ ದ್ರವ್ಯರಾಶಿ ಸುಮಾರು 2.2 ಎಂಇವಿ, ಡೌನ್‌ನದು ಸುಮಾರು 4.7. ಮೂರನ್ನೂ ಕೂಡಿದರೆ ಒಂಬತ್ತರ ಆಸುಪಾಸು. ಬೇಕಿದ್ದದ್ದು 938, ಸಿಕ್ಕಿದ್ದು 9. ನೂರರಲ್ಲಿ ಒಂದು ಪಾಲಿಗೆ ಮಾತ್ರ ಲೆಕ್ಕ ಸಿಕ್ಕಿತು. ಉಳಿದ ತೊಂಬತ್ತೊಂಬತ್ತು ಪಾಲು ಎಲ್ಲಿಂದ ಬಂತು ಎಂಬುದು ಇಪ್ಪತ್ತನೆಯ ಶತಮಾನದ ಸೈದ್ಧಾಂತಿಕ ಭೌತವಿಜ್ಞಾನ ಬಿಡಿಸಿದ ಅತಿ ಸೊಗಸಾದ ಒಗಟುಗಳಲ್ಲೊಂದು.

ಮೂರು ಕ್ವಾರ್ಕ್‌ಗಳು ಸೇರಿ ಆದ ಕಣವೇ ಬೇರಿಯಾನ್. ಪ್ರೋಟಾನ್, ನ್ಯೂಟ್ರಾನ್‌ಗಳು ಈ ಕುಟುಂಬದ ಪರಿಚಿತ ಮುಖಗಳು. 1950ರ ದಶಕದಲ್ಲಿ ವಿಶ್ವಕಿರಣಗಳಲ್ಲೂ ಹೊಸ ವೇಗವರ್ಧಕಗಳಲ್ಲೂ ಇವುಗಳ ನೆಂಟರು ಒಂದೊಂದಾಗಿ ಹೊರಬಿದ್ದರು: ಲ್ಯಾಂಬ್ಡಾ, ಸಿಗ್ಮಾ, ಕ್ಸೈ, ಡೆಲ್ಟಾ. ಕ್ಷಣಾರ್ಧವೂ ಬಾಳದ ಈ ಕಣಗಳ ಜಾತ್ರೆಗೆ ಒಂದು ಕ್ರಮ ತಂದವರು ಅಮೆರಿಕದ ಮರ್ರೇ ಗೆಲ್-ಮನ್ ಮತ್ತು ಇಸ್ರೇಲಿನ ಯುವಾಲ್ ನೀಮನ್. 1961ರಲ್ಲಿ ಇಬ್ಬರೂ ಪರಸ್ಪರ ಸಂಪರ್ಕವಿಲ್ಲದೆ ಒಂದೇ ಗಣಿತವನ್ನು ಹಿಡಿದು ಹೊರಟಿದ್ದರು. ಆ ಗಣಿತದ ಪ್ರಕಾರ ಒಂದು ಗುಂಪಿನಲ್ಲಿ ಹತ್ತು ಬೇರಿಯಾನ್‌ಗಳಿರಬೇಕು, ನಾಲ್ಕು-ಮೂರು-ಎರಡು-ಒಂದು ಎಂಬ ಸಾಲುಗಳಲ್ಲಿ. ನಾಲ್ಕು ಡೆಲ್ಟಾಗಳ ದ್ರವ್ಯರಾಶಿ ಸುಮಾರು 1232, ಮುಂದಿನ ಸಾಲಿನದು 1385, ಅದರಾಚೆಯದು 1530. ಪ್ರತಿ ಸಾಲಿಗೂ ಹತ್ತಿರಹತ್ತಿರ 150ರ ಏರಿಕೆ. ಹಾಗಾದರೆ ಯಾರೂ ಕಾಣದ ಹತ್ತನೆಯ ಕಣ 1680ರ ಸುಮಾರಿನಲ್ಲಿ ಇರಬೇಕು. 1962ರಲ್ಲಿ ಜಿನೀವಾದ ಸಮ್ಮೇಳನದಲ್ಲಿ ಗೆಲ್-ಮನ್ ಇದನ್ನು ಎದ್ದುನಿಂತು ಹೇಳಿದರು. ಒಮೇಗಾ-ಮೈನಸ್ ಎಂದು ಹೆಸರನ್ನೂ ಇಟ್ಟರು.

ನ್ಯೂಯಾರ್ಕ್ ಬಳಿಯ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ನಿಕೋಲಸ್ ಸೇಮಿಯೋಸ್ ಅವರ ತಂಡ 80 ಅಂಗುಲದ ಬಬಲ್ ಚೇಂಬರಿನಲ್ಲಿ, ಅಂದರೆ ಆವೇಶವಿರುವ ಕಣ ಹಾದಲ್ಲೆಲ್ಲ ಗುಳ್ಳೆಗಳ ಗೆರೆ ಮೂಡುವ ತೊಟ್ಟಿಯಲ್ಲಿ, ದ್ರವ ಹೈಡ್ರೋಜನ್ ತುಂಬಿ, ಅದರೊಳಗೆ ಕೇಯಾನ್ ಕಣಗಳನ್ನು ಹಾಯಿಸಿ, ಸುಮಾರು ಒಂದು ಲಕ್ಷ ಫೋಟೋ ತೆಗೆಯಿತು. 1964ರ ಆರಂಭದಲ್ಲಿ ಅವುಗಳಲ್ಲೊಂದು ಮಾತಾಡಿತು. ಕೆಳಗಿನಿಂದ ಬಂದ ಕೇಯಾನ್‌ನ ಗೆರೆ ಒಂದು ಪ್ರೋಟಾನ್‌ಗೆ ಬಡಿದು ನಿಲ್ಲುತ್ತದೆ. ಅಲ್ಲಿಂದ ಹೊರಟ ಇನ್ನೊಂದು ಗಿಡ್ಡ ಗೆರೆ ಕೆಲವೇ ಸೆಂಟಿಮೀಟರ್ ಸಾಗಿ ತಟಕ್ಕನೆ ಮುರಿಯುತ್ತದೆ. ಮುರಿದಲ್ಲಿಂದ ಒಂದು ಪಯಾನ್ ಪಕ್ಕಕ್ಕೆ ಸಿಡಿದಿದೆ. ಆಚೆ ಬರಿದಾದ ಜಾಗ, ಏಕೆಂದರೆ ವಿದ್ಯುದಾವೇಶವಿಲ್ಲದ ಕಣ ಗುಳ್ಳೆ ಎಬ್ಬಿಸುವುದಿಲ್ಲ. ಆ ಬರಿದಿನಾಚೆ ‘ವಿ’ ಆಕಾರದ ಮೂರು ಕವಲುಗಳು. ಒಂದು ಲ್ಯಾಂಬ್ಡಾ ಕಣ ಸಿಡಿದ ಗುರುತು. ಉಳಿದೆರಡು, ಕಣ್ಣಿಗೆ ಕಾಣದ ಎರಡು ಗಾಮಾ ಕಿರಣಗಳು ಎಲೆಕ್ಟ್ರಾನ್-ಪಾಸಿಟ್ರಾನ್ ಜೋಡಿಗಳಾಗಿ ಮಾರ್ಪಟ್ಟ ಗುರುತು. ಅಷ್ಟು ಚಿಕ್ಕ ತೊಟ್ಟಿಯೊಳಗೆ ಎರಡೂ ಗಾಮಾಗಳು ಹಾಗೆ ಸಿಕ್ಕಿಬೀಳುವುದು ತೀರಾ ಅಪರೂಪ. ಎಲ್ಲ ಗೆರೆಗಳನ್ನೂ ಹಿಮ್ಮುಖವಾಗಿ ಎಳೆದು ಲೆಕ್ಕ ಹಾಕಿದಾಗ ಗಿಡ್ಡ ಗೆರೆಯ ಒಡೆಯ ಹೇಳಿದ ಜಾಗದಲ್ಲೇ ಕುಳಿತಿದ್ದ. ಇಂದಿನ ಅಳತೆಯಲ್ಲಿ ಅದರ ದ್ರವ್ಯರಾಶಿ 1672 ಎಂಇವಿ. ಕಾಗದದ ಮೇಲಿನ ಒಂದು ಸಮಮಿತಿಯನ್ನು ನಂಬಿ ಇಷ್ಟು ನಿಖರವಾಗಿ ಭವಿಷ್ಯ ನುಡಿದ ನಿದರ್ಶನಗಳು ವಿಜ್ಞಾನದಲ್ಲೂ ಹೆಚ್ಚಿಲ್ಲ.

ಅದೇ 1964ರಲ್ಲಿ ಗೆಲ್-ಮನ್ ಮತ್ತು ಆಗ ಸರ್ನ್ ಪ್ರಯೋಗಾಲಯದಲ್ಲಿದ್ದ ಜಾರ್ಜ್ ಜ್ವೈಗ್ ಬೇರೆಬೇರೆಯಾಗಿ ಈ ಕ್ರಮದ ಕಾರಣವನ್ನೂ ಮುಂದಿಟ್ಟರು. ಅಪ್, ಡೌನ್, ಸ್ಟ್ರೇಂಜ್ ಎಂಬ ಮೂರು ಬಗೆಯ ಮೂಲಕಣಗಳನ್ನು ಒಪ್ಪಿಕೊಂಡರೆ ಇಡೀ ಪಟ್ಟಿ ತಾನಾಗಿ ಹುಟ್ಟುತ್ತದೆ. ಒಂದೊಂದು ಸಾಲು ದಾಟಿದಾಗ ಒಂದೊಂದು ಸ್ಟ್ರೇಂಜ್ ಹೆಚ್ಚಾಗುತ್ತದೆ, 150ರ ಏರಿಕೆ ಅದರದ್ದೇ. ಒಮೇಗಾ-ಮೈನಸ್‌ನಲ್ಲಿ ಮೂರೂ ಸ್ಟ್ರೇಂಜ್. ಆದರೆ ಈ ಕ್ವಾರ್ಕ್‌ಗಳ ಆವೇಶ ಎಲೆಕ್ಟ್ರಾನ್ ಆವೇಶದ ಮೂರರಲ್ಲಿ ಎರಡು ಅಥವಾ ಒಂದು ಪಾಲು. ಅಂಥ ಮುರುಕು ಆವೇಶವನ್ನು ಯಾರೂ ಕಂಡಿರಲಿಲ್ಲವಾದ್ದರಿಂದ ಕ್ವಾರ್ಕ್‌ಗಳು ಬರಿಯ ಲೆಕ್ಕದ ಅನುಕೂಲವೆಂದೇ ಬಹುಮಂದಿ ತಿಳಿದರು.

ಇನ್ನೊಂದು ತೊಡಕೂ ಇತ್ತು. ಎರಡು ಪಟ್ಟು ಆವೇಶವಿರುವ ಡೆಲ್ಟಾದಲ್ಲಿ ಮೂರೂ ಅಪ್ ಕ್ವಾರ್ಕ್‌ಗಳು, ಮೂರರ ಗಿರಕಿಯೂ (ಸ್ಪಿನ್) ಒಂದೇ ದಿಕ್ಕಿಗೆ. ಇಂಥ ಕಣಗಳು ಎಲ್ಲದರಲ್ಲೂ ಒಂದೇ ಸ್ಥಿತಿಯಲ್ಲಿ ಇರಲಾಗದು ಎನ್ನುವುದು ಪೌಲಿ ನಿಯಮ. ಆಸ್ಕರ್ ಗ್ರೀನ್‌ಬರ್ಗ್ 1964ರಲ್ಲಿ, ಮೂ-ಯಂಗ್ ಹಾನ್ ಮತ್ತು ಯೊಯಿಚಿರೊ ನಾಂಬು 1965ರಲ್ಲಿ, ಕ್ವಾರ್ಕ್‌ಗಳಿಗೆ ಹೊರಗೆ ತೋರದ ಇನ್ನೊಂದು ಗುಣವನ್ನು ಹಚ್ಚಿದರು. ಮೂರು ಬಗೆಯ ಆ ಗುಣಕ್ಕೆ ಮುಂದೆ ಬಣ್ಣ ಎಂಬ ಹೆಸರು ನಿಂತಿತು. ನಿಯಮ ಉಳಿಸಲು ತಂದ ಈ ಗುಣವೇ ಕ್ವಾರ್ಕ್‌ಗಳನ್ನು ಬಿಗಿಯುವ ಪ್ರಬಲ ಬಲದ ಮೂಲ ಎಂದು ಆಮೇಲೆ ತಿಳಿಯಿತು. ಆ ಬಲವನ್ನು ಹೊತ್ತು ತಿರುಗುವ ಕಣಗಳು ಗ್ಲೂಆನ್‌ಗಳು.

ಕ್ವಾರ್ಕ್‌ಗಳು ನಿಜವಾಗಿಯೂ ಇವೆ ಎಂಬ ಸಾಕ್ಷ್ಯ ಬಂದದ್ದು 1968ರಿಂದೀಚೆಗೆ, ಸ್ಟ್ಯಾನ್‌ಫೋರ್ಡ್‌ನ ಮೂರು ಕಿಲೋಮೀಟರ್ ಉದ್ದದ ವೇಗವರ್ಧಕದಿಂದ. ಅಲ್ಲಿ ಪ್ರೋಟಾನ್‌ಗೆ ಹೊಡೆದ ಎಲೆಕ್ಟ್ರಾನ್‌ಗಳಲ್ಲಿ ನಿರೀಕ್ಷೆಗಿಂತ ಎಷ್ಟೋ ಹೆಚ್ಚಿನವು ದೊಡ್ಡ ಕೋನದಲ್ಲಿ ಸಿಡಿದವು. ಒಳಗೆ ಗಟ್ಟಿಯಾದ ಚುಕ್ಕೆಯಂಥವೇನೋ ಇರಲೇಬೇಕಿತ್ತು. ಫ್ರೀಡ್‌ಮನ್, ಕೆಂಡಾಲ್, ಟೇಲರ್ ಅವರಿಗೆ 1990ರ ನೊಬೆಲ್ ಸಂದದ್ದು ಇದಕ್ಕೇ. ವಿಚಿತ್ರವೆಂದರೆ ಒಳಗಿದ್ದ ಚುಕ್ಕೆಗಳು ಒಂದಕ್ಕೊಂದು ಸಂಬಂಧವೇ ಇಲ್ಲವೆಂಬಂತೆ ವರ್ತಿಸುತ್ತಿದ್ದವು, ಆದರೂ ಒಂದೂ ಹೊರಗೆ ಬರುತ್ತಿರಲಿಲ್ಲ. 1973ರಲ್ಲಿ ಗ್ರಾಸ್, ವಿಲ್ಚೆಕ್ ಮತ್ತು ಪೊಲಿಟ್ಜರ್ ಇದನ್ನು ಬಿಡಿಸಿದರು: ಬಣ್ಣದ ಬಲ ಹತ್ತಿರದಲ್ಲಿ ಸಡಿಲ, ದೂರ ಹೋದಷ್ಟೂ ಬಿಗಿ. ಎರಡು ಕ್ವಾರ್ಕ್‌ಗಳನ್ನು ಎಳೆದು ಬೇರ್ಪಡಿಸಹೊರಟರೆ ಎದುರಿಸಬೇಕಾದ ಸೆಳೆತ ಸುಮಾರು 16 ಟನ್ ಭಾರಕ್ಕೆ ಸಮ. ಹಾಗೆ ಎಳೆದಾಗ ಸುರಿದ ಶಕ್ತಿಯಿಂದ ಹೊಸ ಕ್ವಾರ್ಕ್-ಪ್ರತಿಕ್ವಾರ್ಕ್ ಜೋಡಿ ಹುಟ್ಟುತ್ತದೆಯೇ ಹೊರತು ಒಂಟಿ ಕ್ವಾರ್ಕ್ ಕೈಗೆ ಸಿಗುವುದಿಲ್ಲ.

ಈಗ ತೂಕದ ಪ್ರಶ್ನೆ. ಪಠ್ಯಪುಸ್ತಕದ ಚಿತ್ರಗಳು ಪ್ರೋಟಾನ್ ಅನ್ನು ಮೂರು ಬೀಜದ ಕಡಲೆಕಾಯಿಯಂತೆ ತೋರಿಸಿ ದೊಡ್ಡ ಅನ್ಯಾಯ ಮಾಡಿವೆ. ಕಾಯಿಯ ತೂಕ ಬಹುಪಾಲು ಬೀಜದ್ದೇ; ಪ್ರೋಟಾನ್‌ನಲ್ಲಿ ಬೀಜಗಳ ಪಾಲು ಲೆಕ್ಕಕ್ಕೆ ಸಿಗದಷ್ಟು. ಕ್ವಾಂಟಮ್ ಸಿದ್ಧಾಂತದ ಪ್ರಕಾರ ಕಣವೊಂದನ್ನು ಎಷ್ಟು ಇಕ್ಕಟ್ಟಿನಲ್ಲಿ ಕೂಡಿಹಾಕುತ್ತೇವೋ ಅಷ್ಟು ರಭಸವಾಗಿ ಅದು ಚಡಪಡಿಸುತ್ತದೆ. ಪ್ರೋಟಾನ್‌ನ ತ್ರಿಜ್ಯ ಒಂದು ಮೀಟರಿನ ಸಾವಿರ ಲಕ್ಷಕೋಟಿಯ ಒಂದು ಪಾಲಿಗಿಂತ ತುಸು ಕಡಿಮೆ. ಅಷ್ಟು ಜಾಗದಲ್ಲಿ ಸಿಕ್ಕಿಕೊಂಡ ಕ್ವಾರ್ಕ್‌ಗೆ ಚಲನೆಯಿಂದಲೇ ಸುಮಾರು 200 ಎಂಇವಿ ಶಕ್ತಿ ಬರುತ್ತದೆ, ತನ್ನ ಸ್ವಂತ ದ್ರವ್ಯರಾಶಿಯ ಹತ್ತಾರು ಪಟ್ಟು. ಮೂರು ಕ್ವಾರ್ಕ್‌ಗಳಿಗೆ 600 ಆಯಿತು. ಅದರ ಜೊತೆಗೆ ಅವುಗಳ ನಡುವೆ ಕುದಿಯುವ ಗ್ಲೂಆನ್ ಕ್ಷೇತ್ರದ ಶಕ್ತಿ. ಐನ್‌ಸ್ಟೀನ್ ಹೇಳಿದಂತೆ ಸೆರೆಯಾದ ಶಕ್ತಿಯೂ ತೂಗುತ್ತದೆ. ತಕ್ಕಡಿಯಲ್ಲಿ ಕಾಣುವುದು ಮುಖ್ಯವಾಗಿ ಈ ಚಡಪಡಿಕೆ ಮತ್ತು ಕುದಿತವೇ.

ಇದು ಕೈಯಂದಾಜು. ನಿಖರ ಲೆಕ್ಕ ಕಾಗದದ ಮೇಲೆ ಸಾಗುವುದಿಲ್ಲ, ಏಕೆಂದರೆ ಗ್ಲೂಆನ್‌ಗಳಿಗೂ ಬಣ್ಣವಿದ್ದು ಅವು ತಮ್ಮತಮ್ಮಲ್ಲೇ ಸೆಣಸುತ್ತವೆ. 1974ರಲ್ಲಿ ಕೆನೆತ್ ವಿಲ್ಸನ್ ಒಂದು ದಾರಿ ತೋರಿದರು: ದೇಶಕಾಲವನ್ನೇ ಸಣ್ಣ ಚೌಕುಳಿಗಳ ಜಾಲರಿಯಾಗಿ ಕತ್ತರಿಸಿ ಕಂಪ್ಯೂಟರಿಗೆ ಒಪ್ಪಿಸುವುದು. ಆ ದಾರಿ ಗುರಿ ಮುಟ್ಟಲು ಮೂರು ದಶಕ ಮೀರಿ ಹಿಡಿಯಿತು. 2008ರಲ್ಲಿ ಬುಡಾಪೆಸ್ಟ್, ಮಾರ್ಸೇ ಮತ್ತು ವುಪ್ಪರ್ಟಾಲ್ ನಗರಗಳ ಹೆಸರು ಹೊತ್ತ ತಂಡ, ಅಳತೆಗಾಗಿ ಬೇರೆ ಮೂರು ಕಣಗಳ ದ್ರವ್ಯರಾಶಿಯನ್ನಷ್ಟೇ ಕೊಟ್ಟು, ಸೂಪರ್‌ಕಂಪ್ಯೂಟರಿನಿಂದ ಪ್ರೋಟಾನ್‌ನ ದ್ರವ್ಯರಾಶಿಯನ್ನು ಹೊರತೆಗೆಯಿತು. ಪ್ರಯೋಗದ ಅಂಕಿಗೂ ಅದಕ್ಕೂ ಇದ್ದ ಅಂತರ ಕೆಲವೇ ಶೇಕಡ. 2018ರ ಇನ್ನೊಂದು ಜಾಲರಿ ಲೆಕ್ಕ ಪಾಲುಪಟ್ಟಿಯನ್ನೇ ಬರೆಯಿತು: ಕ್ವಾರ್ಕ್‌ಗಳ ಚಲನೆಯ ಶಕ್ತಿ ಶೇಕಡ 32, ಗ್ಲೂಆನ್‌ಗಳದು 36, ಬಲದ ಕ್ವಾಂಟಮ್ ಸ್ವಭಾವದಿಂದಲೇ ಏಳುವ ಒಂದು ಅಂಶ 23. ಕ್ವಾರ್ಕ್‌ಗಳ ದ್ರವ್ಯರಾಶಿಗೆ ಅಂಟಿಕೊಂಡದ್ದು ಸುಮಾರು 9 ಮಾತ್ರ, ಅದೂ ಕ್ಷಣಕ್ಷಣಕ್ಕೂ ಹುಟ್ಟಿ ಅಳಿಯುವ ಭಾರದ ಕ್ವಾರ್ಕ್‌ಗಳನ್ನು ಸೇರಿಸಿಕೊಂಡು.

2012ರಲ್ಲಿ ಹಿಗ್ಸ್ ಕಣ ಸಿಕ್ಕಾಗ ಜಗತ್ತಿನ ಎಲ್ಲ ವಸ್ತುವಿಗೂ ತೂಕ ಕೊಡುವ ದೇವಕಣ ಸಿಕ್ಕಿತೆಂದು ಪತ್ರಿಕೆ, ಟಿವಿಗಳು ಸಾರಿದವು. ಆ ಮಾತು ಇಂದಿಗೂ ವಾಟ್ಸ್ಯಾಪಿನಲ್ಲಿ ಓಡಾಡುತ್ತಿದೆ. ಅದು ತಪ್ಪು, ಅದನ್ನು ನಿಲ್ಲಿಸಬೇಕು. ಹಿಗ್ಸ್ ಕ್ಷೇತ್ರ ತೂಕ ಕೊಡುವುದು ಎಲೆಕ್ಟ್ರಾನ್, ಕ್ವಾರ್ಕ್‌ಗಳಂಥ ಮೂಲಕಣಗಳಿಗೆ. ಅರವತ್ತು ಕಿಲೋ ತೂಗುವ ಮನುಷ್ಯನ ಮೈಯಲ್ಲಿ ಆ ಕಣಗಳ ಸ್ವಂತ ದ್ರವ್ಯರಾಶಿಯನ್ನೆಲ್ಲ ಕೂಡಿದರೆ ಮುಕ್ಕಾಲು ಕಿಲೋ ಕೂಡ ಆಗದು. ಅಪ್, ಡೌನ್ ಕ್ವಾರ್ಕ್‌ಗಳ ದ್ರವ್ಯರಾಶಿ ಪೂರ್ತಿ ಸೊನ್ನೆಯಾದರೂ ಪ್ರೋಟಾನ್‌ನ ತೂಕದ ಹತ್ತರಲ್ಲಿ ಒಂಬತ್ತು ಪಾಲು ಉಳಿದೇ ಉಳಿಯುತ್ತದೆ.

ಹಾಗೆಂದು ಆ ಪುಟ್ಟ ಪಾಲು ಕೆಲಸಕ್ಕೆ ಬಾರದ್ದಲ್ಲ. ನ್ಯೂಟ್ರಾನ್ ಪ್ರೋಟಾನ್‌ಗಿಂತ 1.29 ಎಂಇವಿ ಭಾರ. ಆವೇಶವೊಂದನ್ನೇ ನೋಡಿದರೆ ಪ್ರೋಟಾನ್ ಭಾರವಾಗಬೇಕಿತ್ತು. ಡೌನ್ ಕ್ವಾರ್ಕ್ ಅಪ್‌ಗಿಂತ ಭಾರವಿರುವುದರಿಂದ ಲೆಕ್ಕ ತಿರುಗಿದೆ. 2015ರಲ್ಲಿ ಜಾಲರಿ ಲೆಕ್ಕ ಈ ಎಳೆಯಷ್ಟು ವ್ಯತ್ಯಾಸವನ್ನೂ ಹಿಡಿದುಕೊಟ್ಟಿತು. ಲೆಕ್ಕ ತಿರುಗದೆ ಪ್ರೋಟಾನೇ ಭಾರವಾಗಿದ್ದಿದ್ದರೆ ಹೈಡ್ರೋಜನ್ ಪರಮಾಣು ಬಾಳುತ್ತಿರಲಿಲ್ಲ, ನೀರೂ ಇರುತ್ತಿರಲಿಲ್ಲ.

ಗಿರಕಿಯ ಲೆಕ್ಕ ಮಾತ್ರ ಇನ್ನೂ ಪೂರ್ತಿ ಮುಗಿದಿಲ್ಲ. 1980ರ ದಶಕದ ಕೊನೆಯಲ್ಲಿ ಸರ್ನ್‌ನ ಪ್ರಯೋಗವೊಂದು ಪ್ರೋಟಾನ್‌ನ ಗಿರಕಿಯಲ್ಲಿ ಕ್ವಾರ್ಕ್‌ಗಳ ಗಿರಕಿಯ ಪಾಲು ತೀರಾ ಕಡಿಮೆ ಎಂದು ತೋರಿಸಿತು. ಇಂದಿನ ಅಂದಾಜು ಮೂರರಲ್ಲಿ ಒಂದು ಪಾಲು. ಮಿಕ್ಕದ್ದು ಗ್ಲೂಆನ್‌ಗಳ ಗಿರಕಿ ಮತ್ತು ಕಣಗಳ ಸುತ್ತಾಟದ್ದು. ಅದನ್ನು ಪಾಲು ಹಾಕಿ ಅಳೆಯಲೆಂದೂ ಬ್ರೂಕ್‌ಹೇವನ್‌ನಲ್ಲಿ ಎಲೆಕ್ಟ್ರಾನ್-ಅಯಾನ್ ಕೊಲೈಡರ್ ರೂಪುಗೊಳ್ಳುತ್ತಿದೆ.

ಇಷ್ಟೆಲ್ಲ ಚಡಪಡಿಕೆಯ ನಡುವೆಯೂ ಪ್ರೋಟಾನ್ ಒಡೆದದ್ದು ಈವರೆಗೆ ಖಚಿತವಾಗಿ ಕಂಡಿಲ್ಲ. ಕ್ವಾರ್ಕ್ ಎಂದಾದರೂ ಪಾಸಿಟ್ರಾನ್‌ನಂಥ ಹಗುರ ಕಣವಾಗಿ ಬದಲಾಗಬಹುದೆಂದು 1970ರ ದಶಕದ ಏಕೀಕೃತ ಸಿದ್ಧಾಂತಗಳು ಹೇಳಿದವು. ಹಾಗಾದರೆ ಪ್ರೋಟಾನ್ ಕೂಡ ಸಾಯಲೇಬೇಕು. ಅದರ ಸಾವನ್ನು ಕಾದು ಕುಳಿತ ಮೊದಲ ದೊಡ್ಡ ಪ್ರಯೋಗಗಳಲ್ಲೊಂದು ನಡೆದದ್ದು ಕೋಲಾರದ ಚಿನ್ನದ ಗಣಿಯಲ್ಲಿ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಮತ್ತು ಜಪಾನಿನ ವಿಜ್ಞಾನಿಗಳು 1980ರ ದಶಕದಲ್ಲಿ ನೆಲದಡಿ ಎರಡು ಕಿಲೋಮೀಟರಿಗೂ ಆಳದಲ್ಲಿ, ಕಬ್ಬಿಣದ ತಗಡುಗಳ ನಡುವೆ ಕಣಪತ್ತೆ ನಳಿಗೆಗಳನ್ನು ಜೋಡಿಸಿ, 140 ಟನ್ನಿನ ಉಪಕರಣವನ್ನು ಕಟ್ಟಿದ್ದರು. ಮೇಲಿನ ಬಂಡೆ ವಿಶ್ವಕಿರಣಗಳ ಗದ್ದಲವನ್ನು ತಡೆಯುತ್ತಿತ್ತು. ಪ್ರೋಟಾನ್ ಸತ್ತಿರಬಹುದೆನ್ನಿಸುವ ಕೆಲವು ಘಟನೆಗಳನ್ನು ತಂಡ ಪ್ರಕಟಿಸಿತು. ಬೇರೆಡೆಯ ದೊಡ್ಡ ಉಪಕರಣಗಳು ಅದನ್ನು ಸಮರ್ಥಿಸಲಿಲ್ಲ. ಜಪಾನಿನ ಸೂಪರ್-ಕಮಿಯೊಕಾಂಡೆ ಎಂಬ ನೀರುತೊಟ್ಟಿಯ ಉಪಕರಣ ಈಗ ಕೊಟ್ಟಿರುವ ಮಿತಿಯ ಪ್ರಕಾರ, ಪಾಸಿಟ್ರಾನ್ ಮತ್ತು ಪಯಾನ್ ಆಗಿ ಒಡೆಯುವ ದಾರಿಯಲ್ಲಿ ಪ್ರೋಟಾನ್‌ನ ಸರಾಸರಿ ಆಯಸ್ಸು ಒಂದರ ಮುಂದೆ 34 ಸೊನ್ನೆ ಬರೆದಷ್ಟು ವರ್ಷಗಳಿಗಿಂತಲೂ ಹೆಚ್ಚು. ಅದೇ ಪ್ರದೇಶದಲ್ಲಿ 2.6 ಲಕ್ಷ ಟನ್ ನೀರು ಹಿಡಿಯುವ ಹೈಪರ್-ಕಮಿಯೊಕಾಂಡೆಯನ್ನು ಕಟ್ಟಲಾಗುತ್ತಿದೆ.